ಸ್ಕಾಪಾ ಫ್ಲೋದಲ್ಲಿ ಮುಳುಗಿರುವ ಮೀನುಗಾರಿಕಾ ಹಡಗು: ನೇತ್ರಾಣಿಯ ಅನುಭವ ಸಾಕೇ?

ಶರಾವತಿ_ದಡ (ಅಬರ್ಡೀನ್)

ಎಲ್ಲರಿಗೂ ನಮಸ್ಕಾರ. ನಾನು ಹೊನ್ನಾವರದವನು, ಎರಡು ವರ್ಷಗಳಿಂದ ಉದ್ಯೋಗದ ನಿಮಿತ್ತ ಅಬರ್ಡೀನ್‌ನಲ್ಲಿದ್ದೇನೆ. ಸ್ಕೂಬಾ ಕಲಿತದ್ದು ಊರಿನ ಕಡೆಯೇ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ಸುತ್ತ ಹತ್ತು ಹನ್ನೆರಡು ಬಾರಿ ಇಳಿದಿದ್ದೇನೆ. ಆಮೇಲೆ ಅಂಡಮಾನಿನಲ್ಲಿ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿದೆ. ಒಟ್ಟು 34 ಡೈವ್‌ಗಳಾಗಿವೆ. ಎಲ್ಲವೂ 27–29 ಡಿಗ್ರಿಯ ನೀರಿನಲ್ಲಿ, ಮೂರು ಮಿಲಿಮೀಟರಿನ ವೆಟ್‌ಸೂಟ್ ತೊಟ್ಟು ಮಾಡಿದವು.

ಇಲ್ಲಿ ನಾನು ಸೇರಿರುವ ತಂಡವು ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಓರ್ಕ್ನಿ ದ್ವೀಪಗಳಿಗೆ ಹೊರಟಿದೆ. ಆ ದ್ವೀಪಗಳ ನಡುವಿನ ಸ್ಕಾಪಾ ಫ್ಲೋ ಎಂಬ ಕಡಲಿನಲ್ಲಿ ಮುಳುಗಿರುವ ಜರ್ಮನ್ ಯುದ್ಧನೌಕೆಗಳನ್ನು ನೋಡಿದ ಬಳಿಕ ಕೊನೆಯ ದಿನ 'ಜೇಮ್ಸ್ ಬ್ಯಾರಿ' ಎಂಬ ಮೀನುಗಾರಿಕಾ ಹಡಗಿಗೆ ಇಳಿಯುವ ಯೋಜನೆಯಿದೆ. ದೊಡ್ಡ ಯುದ್ಧನೌಕೆಗಳಿಗೆ ನಾನು ಸಿದ್ಧನಲ್ಲ ಎಂಬುದು ನನಗೇ ಗೊತ್ತು. ಆದರೆ ಇದು ಮೀನು ಹಿಡಿಯುವ ಹಡಗಷ್ಟೇ, ಚಿಕ್ಕದು, ಒಂದು ಸುತ್ತು ಹಾಕಿ ಬರಬಹುದು ಎಂದು ತಂಡದವರೊಬ್ಬರು ಧೈರ್ಯ ಹೇಳಿದ್ದಾರೆ. ನೀರು ಒಳಬರದ ಡ್ರೈಸೂಟನ್ನು ಬಾಡಿಗೆಗೆ ತೆಗೆದುಕೊಳ್ಳಬಹುದಂತೆ. ತಣ್ಣೀರಿನಲ್ಲಿ ಅನುಭವವಿರುವ ಕನ್ನಡಿಗರು ಯಾರಾದರೂ ಇದ್ದರೆ, ಹೋಗಬಹುದೇ, ಹೋಗುವುದಾದರೆ ಏನೇನು ಸಿದ್ಧತೆ ಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರಮುಖಿ (ಎಡಿನ್‌ಬರೋ)

ಈ ಸೆಪ್ಟೆಂಬರಿನಲ್ಲಿ ಬೇಡ. ಕಾರಣಗಳನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ 'ಮೀನು ಹಿಡಿಯುವ ಹಡಗಷ್ಟೇ' ಎಂಬ ಮಾತನ್ನು ನಾನೂ ಒಂದು ಕಾಲದಲ್ಲಿ ನಂಬಿದ್ದೆ.

ಮೊದಲು ಹಡಗಿನ ವಿಚಾರ. ಜೇಮ್ಸ್ ಬ್ಯಾರಿ ಇಂಗ್ಲೆಂಡಿನ ಹಲ್ ಬಂದರಿಗೆ ಸೇರಿದ್ದ ಟ್ರಾಲರ್. 1969ರ ಮಾರ್ಚ್ ಕೊನೆಯಲ್ಲಿ ಪೆಂಟ್‌ಲೆಂಡ್ ಫರ್ತ್ ಎಂಬ ಜಲಸಂಧಿಯ ಲೌದರ್ ಸ್ಕೆರಿ ಬಂಡೆಯ ಮೇಲೆ ಏರಿ ಕುಳಿತಿತು. ಸಿಬ್ಬಂದಿಯೆಲ್ಲ ಪಾರಾದರು. ಬಂಡೆಯಿಂದ ಬಿಡಿಸಿ ಎಳೆದುಕೊಂಡು ಬರುತ್ತಿದ್ದಾಗ ಸ್ಕಾಪಾ ಫ್ಲೋಗೆ ಪ್ರವೇಶದ್ವಾರವಾದ ಹೋಕ್ಸಾ ಸೌಂಡಿನಲ್ಲಿ, ಸುರಕ್ಷಿತ ನೀರು ಕಣ್ಣಳತೆಯಲ್ಲಿರುವಾಗಲೇ, ಮುಳುಗಿತು. ಆ ನೀರು ಎಂಥದ್ದು ಎಂಬುದಕ್ಕೆ ಇನ್ನೊಂದು ಸಂಗತಿ ಹೇಳಬೇಕು. ಅದೇ ತಿಂಗಳ 17ರಂದು ಆಪತ್ತಿನಲ್ಲಿದ್ದ ಬೇರೊಂದು ಹಡಗಿನ ನೆರವಿಗೆ ಹೊರಟಿದ್ದ ಲಾಂಗ್‌ಹೋಪಿನ ರಕ್ಷಣಾ ದೋಣಿಯು ಆ ಕಡಲಿನಲ್ಲಿಯೇ ಮಗುಚಿ, ಅದರಲ್ಲಿದ್ದ 8 ಮಂದಿಯೂ ತೀರಿಕೊಂಡಿದ್ದರು.

ಈಗ ಆ ಟ್ರಾಲರ್ ಬಲ ಮಗ್ಗುಲಿಗೆ ಮಲಗಿಕೊಂಡಿದೆ. ತಳ ಸುಮಾರು 42 ಮೀಟರಿನಲ್ಲಿದೆ. ನಿಮ್ಮ ಅಡ್ವಾನ್ಸ್ಡ್ ಪ್ರಮಾಣಪತ್ರ ಒಪ್ಪುವುದು 30 ಮೀಟರನ್ನು. ಮನರಂಜನಾ ಡೈವಿಂಗಿನ ಮಿತಿಯೇ 40. ಬ್ರಿಟಿಷ್ ಸಬ್ ಆಕ್ವಾ ಕ್ಲಬ್ಬಿನ ಶ್ರೇಣಿಯಲ್ಲಿ ಓಷನ್ ಡೈವರಿಗೆ 20, ಸ್ಪೋರ್ಟ್ಸ್ ಡೈವರಿಗೆ 35, ಡೈವ್ ಲೀಡರ್ ಆದವರಿಗೆ 50 ಮೀಟರ್. ಇನ್ನೊಂದು ವಿಚಿತ್ರ ನೋಡಿ: 1919ರ ಜೂನ್ 21ರಂದು ಜರ್ಮನರು ತಾವಾಗಿಯೇ ಮುಳುಗಿಸಿದ ತಮ್ಮ 52 ಹಡಗುಗಳಲ್ಲಿ ಇಂದಿಗೂ ತಳದಲ್ಲಿ ಉಳಿದಿರುವ ಏಳರ ಪೈಕಿ ಕಾರ್ಲ್ಸ್‌ರುಹೆ ಎಂಬುದು 150 ಮೀಟರ್ ಉದ್ದದ ಕ್ರೂಸರ್, ಆದರೆ ಅದು ಇರುವುದು 27 ಮೀಟರಿನೊಳಗೆ. ಅಂದರೆ ನಿಮಗೆ 'ಚಿಕ್ಕದು' ಎಂದು ತೋರಿಸಿದ ಹಡಗು, ನೀವು ಹೆದರಿ ಬಿಟ್ಟ ದೊಡ್ಡ ಹಡಗಿಗಿಂತ 15 ಮೀಟರ್ ಆಳದಲ್ಲಿದೆ. ಹಡಗಿನ ಗಾತ್ರವನ್ನು ನೋಡಿ ಡೈವಿನ ಕಷ್ಟವನ್ನು ಅಳೆಯುವುದೇ ಮೊದಲ ತಪ್ಪು.

ಗಾಳಿಯ ಲೆಕ್ಕ ಹಾಕಿ. ನೇತ್ರಾಣಿಯಲ್ಲಿ 12 ಮೀಟರಿನಲ್ಲಿ ಸುತ್ತಲಿನ ಒತ್ತಡ 2.2 ಬಾರ್, ಅಂದರೆ ಮೇಲ್ಮೈಯ 2.2 ಪಟ್ಟು. ಮೇಲ್ಮೈಯಲ್ಲಿ ನಿಮಿಷಕ್ಕೆ 18 ಲೀಟರ್ ಉಸಿರಾಡುವವರಿಗೆ ಅಲ್ಲಿ ಸುಮಾರು 40 ಲೀಟರ್ ಖರ್ಚಾಗುತ್ತದೆ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ತುಂಬಿದರೆ 2400 ಲೀಟರ್, ಅಂದರೆ ಒಂದು ಗಂಟೆಯ ಗಾಳಿ. 42 ಮೀಟರಿನಲ್ಲಿ ಒತ್ತಡ 5.2 ಬಾರ್. ಚಳಿ, ಭಾರವಾದ ಸೂಟು, ಸ್ವಲ್ಪ ಭಯ ಸೇರಿದರೆ ಮೇಲ್ಮೈ ಲೆಕ್ಕವೇ 25 ಲೀಟರಿಗೆ ಏರುತ್ತದೆ. ಆಗ ತಳದಲ್ಲಿ ನಿಮಿಷಕ್ಕೆ 130 ಲೀಟರ್ ಹೋಗುತ್ತದೆ. ಅದೇ ಸಿಲಿಂಡರನ್ನು ಪೂರ್ತಿ ಬರಿದು ಮಾಡಿದರೂ 18 ನಿಮಿಷ, ಆದರೆ ಪೂರ್ತಿ ಬರಿದು ಮಾಡುವಂತಿಲ್ಲವಲ್ಲ. ಅದಕ್ಕೇ ಅಲ್ಲಿ ಇಳಿಯುವವರು ಜೋಡಿ ಸಿಲಿಂಡರ್ ಹೊರುತ್ತಾರೆ. ಸಾಮಾನ್ಯ ಗಾಳಿಯಲ್ಲಿ 40 ಮೀಟರಿಗೆ ಡಿಕಂಪ್ರೆಷನ್ (ದೇಹದಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಏರುವ ದಾರಿಯಲ್ಲಿ ತಂಗುವುದು) ಇಲ್ಲದೆ ಸಿಗುವುದು ಸುಮಾರು 9 ನಿಮಿಷ. ಅದನ್ನು ಮೀರಿದರೆ ಮೇಲೆ ಬರುವ ದಾರಿಯಲ್ಲಿ ಹಗ್ಗ ಹಿಡಿದು ಕಾಯಬೇಕು, ಆ ಕಾಯುವಿಕೆಯಲ್ಲಿಯೇ ಚಳಿ ತನ್ನ ಪೂರ್ಣ ರೂಪ ತೋರಿಸುವುದು.

ಇನ್ನು ರೆಗ್ಯುಲೇಟರು, ಅಂದರೆ ಸಿಲಿಂಡರಿನ ಗಾಳಿಯ ಒತ್ತಡ ತಗ್ಗಿಸಿ ಬಾಯಿಗೆ ಕೊಡುವ ಸಾಧನ. ಸಿಲಿಂಡರಿನ 200 ಬಾರ್ ಒತ್ತಡದ ಗಾಳಿಯು ಮೊದಲ ಹಂತದಲ್ಲಿ ಒಮ್ಮೆಲೇ ಹತ್ತು ಹದಿನೈದು ಬಾರ್ ಒತ್ತಡಕ್ಕೆ ಇಳಿಯುವಾಗ ಹಿಗ್ಗುತ್ತದೆ, ಹಿಗ್ಗಿದ ಗಾಳಿ ಸೊನ್ನೆಗಿಂತ ಕೆಳಗೆ ತಣ್ಣಗಾಗುತ್ತದೆ. 28 ಡಿಗ್ರಿಯ ನೀರು ಆ ಲೋಹವನ್ನು ಮತ್ತೆ ಬೆಚ್ಚಗೆ ಮಾಡಿಬಿಡುವುದರಿಂದ ನಿಮಗೆ ಅದು ಗೊತ್ತೇ ಆಗಿರುವುದಿಲ್ಲ. 6 ಡಿಗ್ರಿಯ ನೀರಿಗೆ ಆ ಶಕ್ತಿಯಿಲ್ಲ. ಒಳಗೆ ಮಂಜುಗಡ್ಡೆ ಕಟ್ಟಿ ಕವಾಟವು ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡು ಗಾಳಿ ಬುಸ್ಸೆಂದು ಹರಿಯತೊಡಗುತ್ತದೆ. ಯುರೋಪಿನ ಇಎನ್ 250 ಮಾನದಂಡವು 10 ಡಿಗ್ರಿಗಿಂತ ತಣ್ಣಗಿನ ನೀರಿಗೆ ತಕ್ಕುದೆಂದು ಹೇಳಿಕೊಳ್ಳುವ ರೆಗ್ಯುಲೇಟರುಗಳನ್ನು 4 ಡಿಗ್ರಿಯ ನೀರಿನಲ್ಲಿ ಪರೀಕ್ಷಿಸಬೇಕೆನ್ನುವುದು ಈ ಕಾರಣಕ್ಕೇ.

ಒಂದು ಮಾರ್ಚ್ ತಿಂಗಳಿನಲ್ಲಿ, ನೀರು ತುಂಬಿದ ಹಳೆಯ ಕಲ್ಲುಗಣಿಯೊಂದರಲ್ಲಿ, 22 ಮೀಟರಿನಲ್ಲಿ ನನಗೆ ಇದು ಆಯಿತು. ಇಳಿಯುವ ವೇಗ ಹೆಚ್ಚಾಯಿತೆಂದು ಗಾಳಿ ತುಂಬಿಸಲು ಡ್ರೈಸೂಟಿನ ಗುಂಡಿಯನ್ನೂ ತೇಲುವ ಜಾಕೆಟ್ಟಿನ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿದೆ. ಆ ಕ್ಷಣದಲ್ಲಿಯೇ ಜೋರಾಗಿ ಒಂದು ಉಸಿರೆಳೆದೆ. ಬಾಯಲ್ಲಿದ್ದ ರೆಗ್ಯುಲೇಟರು ಗರ್ಜಿಸತೊಡಗಿತು, ಗುಳ್ಳೆಗಳ ಬಿಳಿಯ ಗೋಡೆಯಲ್ಲದೆ ಬೇರೇನೂ ಕಾಣಲಿಲ್ಲ. ಮಾಪಕದ ಮುಳ್ಳು 140ರಲ್ಲಿದ್ದದ್ದು ಇಳಿಯುವುದು ಬರಿಗಣ್ಣಿಗೆ ಕಾಣುತ್ತಿತ್ತು. ಜೊತೆಗಾರನು ತನ್ನ ಎರಡನೆಯ ರೆಗ್ಯುಲೇಟರನ್ನು ನನ್ನ ಬಾಯಿಗೆ ತುರುಕಿ, ನನ್ನ ಬೆನ್ನ ಹಿಂದೆ ಹೋಗಿ ಸಿಲಿಂಡರಿನ ನಲ್ಲಿಯನ್ನು ಮುಚ್ಚಿದ. ಮೇಲೆ ಬಂದು ನೋಡಿದರೆ ಉಳಿದದ್ದು 30 ಬಾರ್. ಅಂದಿನಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತುವುದಿಲ್ಲ. ಒತ್ತುವುದನ್ನೂ ತುಸು ತುಸುವಾಗಿ ಒತ್ತುತ್ತೇನೆ. ನೀರಿಗೆ ಇಳಿಯುವ ಮುನ್ನ ಚಳಿಗಾಳಿಯಲ್ಲಿ ರೆಗ್ಯುಲೇಟರಿನಿಂದ ಉಸಿರಾಡಿ ಒಳಗೆ ತೇವ ಸೇರಿಸುವುದನ್ನೂ ಬಿಟ್ಟಿದ್ದೇನೆ.

ಡ್ರೈಸೂಟನ್ನು ಬಾಡಿಗೆಗೆ ತಂದು ನೇರವಾಗಿ 42 ಮೀಟರಿಗೆ ಹೋಗುವುದೆಂದರೆ ಸೈಕಲ್ ಬಾರದವನು ಘಾಟಿಯಲ್ಲಿ ಮೋಟಾರ್‌ಸೈಕಲ್ ಇಳಿಸಿದಂತೆ. ಅದು ಬೆಚ್ಚನೆಯ ಬಟ್ಟೆ ಮಾತ್ರವಲ್ಲ, ನೀವು ಒಳಗೆ ಕುಳಿತಿರುವ ಒಂದು ಗಾಳಿಚೀಲ. ಇಳಿಯುತ್ತ ಹೋದಂತೆ ಒಳಗಿನ ಗಾಳಿ ಕುಗ್ಗಿ ಮೈಯನ್ನು ಹಿಂಡುತ್ತದೆ, ಎದೆಯ ಮೇಲಿನ ಕವಾಟದಿಂದ ಗಾಳಿ ತುಂಬಿಸಿಕೊಳ್ಳಬೇಕು. ಏರುವಾಗ ಅದೇ ಗಾಳಿ ಹಿಗ್ಗುತ್ತದೆ, ಎಡತೋಳಿನ ಕವಾಟದಿಂದ ಬಿಡಬೇಕು. ತಲೆ ಕೆಳಗಾಗಿ ಗಾಳಿ ಕಾಲಿಗೆ ಓಡಿತೋ, ತೋಳಿನ ಕವಾಟದಿಂದ ಏನೂ ಹೊರಬರುವುದಿಲ್ಲ, ಕಾಲುಗಳು ಬಲೂನಿನಂತೆ ಮೇಲಕ್ಕೆಳೆಯುತ್ತವೆ. ಈ ಪಾಠವನ್ನು 6 ಮೀಟರಿನಲ್ಲಿ ಹತ್ತು ಬಾರಿ ಕಲಿಯಬೇಕು.

ಧಕ್ಕೆಯ_ಮಗ (ಮಲ್ಪೆ)

ನನಗೆ ಸ್ಕೂಬಾ ಬಾರದು. ಆದರೆ ನಾಲ್ಕು ವರ್ಷ ಟ್ರಾಲ್ ಬೋಟಿನಲ್ಲಿ ಖಲಾಸಿಯಾಗಿದ್ದೆ, ಈಗ ಅಣ್ಣನ ಬೋಟಿನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಆದ್ದರಿಂದ ಮೀನುಗಾರಿಕಾ ಬೋಟಿನ ಕುರಿತು ಎರಡು ಮಾತು.

42 ಮೀಟರ್ ಎಂದರೆ ನಮ್ಮ ಲೆಕ್ಕದಲ್ಲಿ 23 ಮಾರು. ಅಷ್ಟು ಆಳದಲ್ಲಿ ಬೋಟು ಮುಳುಗಿದರೆ ಅದರ ಜೊತೆ ಏನೇನು ಮುಳುಗುತ್ತದೆ ಎಂಬುದನ್ನು ಯೋಚಿಸಿ. ಟ್ರಾಲ್ ಬೋಟೆಂದರೆ ಮುಕ್ಕಾಲು ಪಾಲು ಹಗ್ಗ, ಬಲೆ ಮತ್ತು ತಂತಿ. ವಿಂಚಿಗೆ ಸುತ್ತಿದ ನೂರಾರು ಮೀಟರ್ ವಯರ್ ರೋಪ್, ಬಲೆಯ ಬಾಯಿಯನ್ನು ಅಗಲಿಸಿ ಹಿಡಿಯುವ ಬೋರ್ಡುಗಳು, ಒಂದರ ಮೇಲೊಂದು ಒಟ್ಟಿದ ಬಲೆಗಳು. ನಿಮ್ಮ ಯುದ್ಧನೌಕೆಯಲ್ಲಿ ಇವು ಇರುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು, ಮುಳುಗಿದ ಮೇಲೆ ಬಂದು ಸೇರುವ ಬಲೆ. ತಳದಲ್ಲಿ ಒಂದು ಬೋಟು ಬಿದ್ದಿದೆಯೆಂದರೆ ಅದರ ಸುತ್ತ ಮೀನು ಕೂಡುತ್ತದೆ. ಮೀನು ಕೂಡಿದಲ್ಲಿ ಬೋಟು ನಡೆಸುವ ತಾಂಡೇಲನಿಗೆ ಆಸೆ ಹುಟ್ಟುತ್ತದೆ, ಹತ್ತಿರ ಹತ್ತಿರಕ್ಕೆ ಬಲೆ ಬಿಡುತ್ತಾನೆ. ಹತ್ತರಲ್ಲಿ ಒಂದು ಬಾರಿ ಬಲೆ ಸಿಕ್ಕಿಕೊಳ್ಳುತ್ತದೆ, ಕತ್ತರಿಸಿ ಬಿಟ್ಟು ಬರಬೇಕಾಗುತ್ತದೆ. ಹಿಂದೆ ಬಲೆ ಹತ್ತಿಯದಾಗಿತ್ತು, ಕೆಲವು ಕಾಲದಲ್ಲಿ ಕೊಳೆತು ಹೋಗುತ್ತಿತ್ತು. ನೈಲಾನ್ ಕೊಳೆಯುವುದಿಲ್ಲ. ಗಿಲ್‌ನೆಟ್ಟಿನ ಒಂಟಿ ಎಳೆಯ ನೂಲಂತೂ ಹಗಲಿನಲ್ಲಿ, ದೋಣಿಯ ಮೇಲೆ, ಕೈಯಲ್ಲಿ ಹಿಡಿದು ನೋಡಿದರೂ ಕಣ್ಣಿಗೆ ಸರಿಯಾಗಿ ಕಾಣದು. ನೀರಿನೊಳಗೆ ಮೀನಿಗೇ ಕಾಣದ್ದು ನಿಮಗೆ ಹೇಗೆ ಕಂಡೀತು? ಬೆನ್ನ ಮೇಲಿನ ಸಿಲಿಂಡರಿನ ನಲ್ಲಿಗೆ ಅದು ಸುತ್ತಿಕೊಂಡರೆ ಕೈ ಹಿಂದಕ್ಕೆ ಹೋಗುತ್ತದೆಯೇ ಎಂಬುದನ್ನು ನೀವೇ ಹೇಳಬೇಕು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಬಂದರಿನಿಂದ 2018ರ ಡಿಸೆಂಬರಿನಲ್ಲಿ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಯಿತು. ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್ಎಸ್ ನಿರೀಕ್ಷಕ್ ಮಾಲ್ವಣದಾಚೆ ಸುಮಾರು 60 ಮೀಟರ್ ಆಳದಲ್ಲಿ ಅವಶೇಷವನ್ನು ಪತ್ತೆ ಮಾಡಿತು. ಆ ಐದು ತಿಂಗಳು ಬೋಟು ಕಟ್ಟುವ ಧಕ್ಕೆಯಲ್ಲಿ ಮಾತಿಗೆ ಬೇರೆ ವಿಷಯವೇ ಇರಲಿಲ್ಲ. ಹಾಗಾಗಿ 'ಮೀನು ಹಿಡಿಯುವ ಹಡಗಷ್ಟೇ' ಎಂದು ಓದಿದಾಗ ನನಗೆ ಸ್ವಲ್ಪ ಚುಚ್ಚಿತು. ನೀವು ನೋಡಲು ಹೊರಟಿರುವ ಹಡಗಿನಲ್ಲಿ ಎಲ್ಲರೂ ಬದುಕಿದರು ಎಂದು ತಿಳಿದು ಸಮಾಧಾನವಾಯಿತು.

ಶರಾವತಿ_ದಡ (ಅಬರ್ಡೀನ್)

ಮಲ್ಪೆಯವರೇ, ಕ್ಷಮಿಸಿ. ನಮ್ಮ ಮನೆಯ ಹಿಂದಿನ ಕೇರಿಯಲ್ಲಿಯೇ ಬೋಟಿಗೆ ಹೋಗುವವರಿದ್ದಾರೆ. ಯೋಚಿಸದೆ ಬರೆದೆ.

ಉತ್ತರಮುಖಿಯವರಿಗೆ ಎರಡು ಪ್ರಶ್ನೆಗಳು. ನನ್ನಲ್ಲಿ ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಪ್ರಮಾಣಪತ್ರ ಇದೆ. ಶೇ. 32ರ ಮಿಶ್ರಣ ಬಳಸಿದರೆ ತಳದಲ್ಲಿ ಸಮಯ ಹೆಚ್ಚು ಸಿಗುವುದಿಲ್ಲವೇ? ಮತ್ತೆ, ಕೈಗವಸು ಯಾವುದು ಒಳ್ಳೆಯದು?

ಉತ್ತರಮುಖಿ (ಎಡಿನ್‌ಬರೋ)

ಶೇ. 32ರ ಮಿಶ್ರಣದೊಂದಿಗೆ ಅಲ್ಲಿಗೆ ಇಳಿಯಲೇ ಕೂಡದು. ಆಮ್ಲಜನಕದ ಭಾಗಶಃ ಒತ್ತಡ (ಒಟ್ಟು ಒತ್ತಡದಲ್ಲಿ ಅದರ ಪಾಲು) 1.4 ಬಾರ್ ಮೀರಬಾರದೆಂದರೆ ಅದರ ಮಿತಿ 33 ಮೀಟರಿನ ಆಸುಪಾಸು. 42 ಮೀಟರಿಗೆ ಶೇ. 26 ಸಾಕು, 27 ಅಂಚಿನಲ್ಲಿದೆ. ಮಿಶ್ರಣವನ್ನು ಆಳಕ್ಕೆ ಹೊಂದಿಸಬೇಕು. ಕೈಯಲ್ಲಿದೆ ಎಂದು ತುಂಬಿಸಿಕೊಂಡು ಹೋದರೆ ನೀರಿನೊಳಗೆ ಫಿಟ್ಸ್ ಬಂದೀತು, ಅಲ್ಲಿ ಫಿಟ್ಸ್ ಬಂದರೆ ಬಾಯಿಯ ರೆಗ್ಯುಲೇಟರು ಉಳಿಯುವುದಿಲ್ಲ.

ಕೈಗವಸಿನ ವಿಷಯದಲ್ಲಿ ನನ್ನ ಅಭಿಪ್ರಾಯಕ್ಕೆ ವಿರೋಧವಿರುವವರು ಬಹಳ ಮಂದಿ. ಮಣಿಕಟ್ಟಿಗೆ ಉಂಗುರವಿರುವ ಒಣಗವಸು ಬೆಚ್ಚಗೇನೋ ಇರುತ್ತದೆ, ಆದರೆ ಕಬ್ಬಿಣದ ಚೂಪಿಗೆ ತಗುಲಿ ಒಂದು ತೂತಾದರೆ ನೀರು ತೋಳಿನೊಳಗೂ ಹೋಗಬಹುದು. ಮುರಿದ ಹಡಗಿನ ಬಳಿ ನಾನು 5 ಮಿಲಿಮೀಟರಿನ ನಿಯೋಪ್ರೀನ್ ಗವಸನ್ನೇ ಹಾಕುತ್ತೇನೆ. ಅರ್ಧ ಗಂಟೆಯ ಬಳಿಕ ಬೆರಳಿಗೆ ಕ್ಲಿಪ್ ಯಾವುದು, ಗುಂಡಿ ಯಾವುದು ಎಂದು ತಿಳಿಯುವುದಿಲ್ಲ. 'ಕೈ ಕೊಡುವುದು' ಎಂಬ ಮಾತಿಗೆ ಅಲ್ಲಿ ಅಕ್ಷರಶಃ ಅರ್ಥ ಬರುತ್ತದೆ. ಆದ್ದರಿಂದ ಬಲೆ ಕತ್ತರಿಸುವ ಸಾಧನಗಳನ್ನು ಎರಡು ಕಡೆ, ಎರಡೂ ಕೈಗೆ ಎಟುಕುವಂತೆ ಇಟ್ಟುಕೊಳ್ಳಿ. ಚಾಕುವಿಗಿಂತ ಆಸ್ಪತ್ರೆಯಲ್ಲಿ ಬಟ್ಟೆ ಕತ್ತರಿಸಲು ಬಳಸುವ ಕತ್ತರಿ ಒಳ್ಳೆಯದು. ಮಲ್ಪೆಯವರು ಹೇಳಿದ ಒಂಟಿ ಎಳೆಯ ನೂಲನ್ನು ಒಂದೇ ಕೈಯಲ್ಲಿ ಕತ್ತರಿಸುತ್ತದೆ.

ತಣ್ಣನೆ_ಬೆಳಗು (ಸಿಯಾಟಲ್)

ನೀವೆಲ್ಲ ಆ ಹುಡುಗನನ್ನು ವಿಪರೀತ ಹೆದರಿಸುತ್ತಿದ್ದೀರಿ ಎಂದು ನನಗೆ ಅನಿಸುತ್ತದೆ. ಇಲ್ಲಿ ಪ್ಯೂಜೆಟ್ ಸೌಂಡಿನ ನೀರು ವರ್ಷವಿಡೀ ಹೆಚ್ಚುಕಡಿಮೆ 8ರಿಂದ 12 ಡಿಗ್ರಿ. ಇಲ್ಲಿನವರು ಮೊದಲ ಡೈವನ್ನೇ ಆ ನೀರಿನಲ್ಲಿ ಮಾಡುತ್ತಾರೆ. ನಾನೂ ಇಲ್ಲಿಯೇ ಕಲಿತೆ. ಪಶ್ಚಿಮ ಸಿಯಾಟಲ್ಲಿನ ಸೀಕ್ರೆಸ್ಟ್ ಉದ್ಯಾನದ ದಡದಿಂದ ನಡೆದುಕೊಂಡೇ ನೀರಿಗಿಳಿದರೆ 'ಹನಿ ಬೇರ್' ಎಂಬ ಪುಟ್ಟ ಮುಳುಗಿದ ದೋಣಿಯವರೆಗೆ ಹೋಗಬಹುದು. ಅಲ್ಲಿ ದೈತ್ಯ ಪೆಸಿಫಿಕ್ ಅಷ್ಟಪದಿಗಳಿವೆ. 2012ರಲ್ಲಿ ಯುವಕನೊಬ್ಬ ಅಲ್ಲಿಂದ ಒಂದನ್ನು ಹಿಡಿದು ದಡಕ್ಕೆ ತಂದಾಗ, ಆಗಿನ ನಿಯಮದ ಪ್ರಕಾರ ಅದು ತಪ್ಪಲ್ಲದಿದ್ದರೂ, ಡೈವರುಗಳೇ ದೊಡ್ಡ ಗದ್ದಲವೆಬ್ಬಿಸಿದರು. ಮರುವರ್ಷ ರಾಜ್ಯವು ಅಲ್ಲಿಯೂ ಇನ್ನು ಆರು ತಾಣಗಳಲ್ಲಿಯೂ ಅವುಗಳನ್ನು ಹಿಡಿಯುವುದನ್ನು ನಿಷೇಧಿಸಿತು.

ತಣ್ಣೀರು ಶತ್ರುವಲ್ಲ. ಬೆಚ್ಚನೆಯ ನೀರಿನಲ್ಲಿ ಬೆಳೆದವರು ಅದನ್ನು ಭೂತ ಮಾಡಿಕೊಳ್ಳುತ್ತಾರೆ, ಅಷ್ಟೇ.

ಉತ್ತರಮುಖಿ (ಎಡಿನ್‌ಬರೋ)

ನಿಮ್ಮ ಮಾತನ್ನು ಒಪ್ಪುತ್ತೇನೆ, ಅದು ನನ್ನ ಮಾತಿಗೆ ವಿರುದ್ಧವೂ ಅಲ್ಲ. ನೀವು ದಡದಿಂದ ನಡೆದು, ಆಳವನ್ನು ಹೆಜ್ಜೆಹೆಜ್ಜೆಗೆ ಕೂಡಿಸಿಕೊಂಡಿರಿ. ಇವರು ಚಳಿ, ಡ್ರೈಸೂಟು, ಆಳ, ಕತ್ತಲು, ಮುಳುಗಿದ ಹಡಗು, ಹರಿವು ಎಲ್ಲವನ್ನೂ ಒಂದೇ ದಿನ ಮೊದಲ ಸಲ ಭೇಟಿಯಾಗಲು ಹೊರಟಿದ್ದಾರೆ. ಹೋಕ್ಸಾ ಸೌಂಡಿನಲ್ಲಿ ಉಬ್ಬರವಿಳಿತದ ನಡುವಿನ ಶಾಂತ ಹೊತ್ತು ನೋಡಿಯೇ ಇಳಿಯಬೇಕು. ದೋಣಿಯವನು 'ಈಗ' ಎಂದಾಗ ಇಳಿಯಬೇಕು. ಅಲ್ಲಿ ನಿಂತು ಗವಸು ಸರಿಮಾಡಿಕೊಳ್ಳುತ್ತ ಕುಳಿತರೆ ಹೊತ್ತು ಕಳೆದುಹೋಗುತ್ತದೆ.

ಬಿಳಿಕೋಟು (ಗ್ಲಾಸ್ಗೋ)

ನಾನು ವೈದ್ಯೆ, ಡೈವ್ ಕೂಡ ಮಾಡುತ್ತೇನೆ. ಇಲ್ಲಿ ಯಾರೂ ಎತ್ತದ ಒಂದು ವಿಷಯವಿದೆ. ತಣ್ಣೀರಿನಲ್ಲಿ ಮುಳುಗಿದಾಗ ಕೈಕಾಲುಗಳ ರಕ್ತನಾಳಗಳು ಕುಗ್ಗಿ ರಕ್ತವು ಎದೆಯ ಕಡೆಗೆ ಸರಿಯುತ್ತದೆ, ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಒತ್ತಡ ಏರುತ್ತದೆ. ಕೆಲವರಲ್ಲಿ ಆ ಒತ್ತಡಕ್ಕೆ ದ್ರವವು ಶ್ವಾಸಕೋಶದೊಳಗೆ ಜಿನುಗುತ್ತದೆ. ರಕ್ತದೊತ್ತಡ ಇರುವವರಿಗೂ ವಯಸ್ಸಾದವರಿಗೂ ಇದರ ಅಪಾಯ ಹೆಚ್ಚು. ನಮ್ಮವರಲ್ಲಿ ನಲವತ್ತರ ಬಳಿಕ ಬಿಪಿ ಮಾತ್ರೆ ನುಂಗದವರು ಎಷ್ಟು ಮಂದಿ ಎಂಬುದನ್ನು ನೀವೇ ಎಣಿಸಿ. ತಳದಲ್ಲಿ ಕಾರಣವಿಲ್ಲದೆ ಏದುಸಿರು, ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು, ಗಾಳಿ ಬರುತ್ತಿದ್ದರೂ 'ರೆಗ್ಯುಲೇಟರ್ ಕೆಟ್ಟಿದೆ' ಎಂಬ ಭಾವನೆ ಬಂದರೆ ಡೈವನ್ನು ಅಲ್ಲಿಗೇ ನಿಲ್ಲಿಸಿ ಮೇಲೆ ಬನ್ನಿ, ನೀರಿನಿಂದ ಹೊರಬಂದು ಆಮ್ಲಜನಕ ತೆಗೆದುಕೊಳ್ಳಿ. ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಇರುವುದರಿಂದ ತಜ್ಞರನ್ನು ಕಾಣದೆ ಮತ್ತೆ ನೀರಿಗೆ ಇಳಿಯಬಾರದು.

ಎರಡನೆಯದು, ಬ್ಯಾಟರಿಯಿಂದ ಬಿಸಿಯಾಗುವ ಒಳಅಂಗಿ ಈಗ ಜನಪ್ರಿಯವಾಗಿದೆ. ಅಮೆರಿಕದ ನೌಕಾಪಡೆಯು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಳದಲ್ಲಿ ಬೆಚ್ಚಗಿದ್ದು ಏರುವಾಗ ಚಳಿಯಲ್ಲಿದ್ದವರಿಗೆ ಡಿಕಂಪ್ರೆಷನ್ ಕಾಯಿಲೆ ಬಹಳ ಹೆಚ್ಚಾಗಿ ಬಂದಿತು, ಇದರ ತಿರುವುಮುರುವಿನಲ್ಲಿ ಇದ್ದವರಿಗೆ ಬಹಳ ಕಡಿಮೆ. ತಳದಲ್ಲಿ ಬೆಚ್ಚಗಿರುವಾಗ ನೈಟ್ರೋಜನ್ ಚೆನ್ನಾಗಿ ಒಳಸೇರುತ್ತದೆ, ಏರುವಾಗ ಚಳಿಗೆ ನಾಳಗಳು ಕುಗ್ಗಿದರೆ ಹೊರಹೋಗುವುದಿಲ್ಲ. ಹೀಗಾಗಿ ತಳದಲ್ಲಿ ಅಂಗಿಯ ಬಿಸಿ ಪೂರ್ತಿ ಹಚ್ಚಿಕೊಂಡು, ಬ್ಯಾಟರಿ ಮುಗಿದು, ಆರು ಮೀಟರಿನಲ್ಲಿ ನಡುಗುತ್ತ ನಿಲ್ಲುವುದು ಎಲ್ಲಕ್ಕಿಂತ ಕೆಟ್ಟ ಕ್ರಮ.

ಓದುಗ_ಮೈಸೂರು

ಈಜು ಕೂಡ ಬಾರದ ನಾನು ಇದನ್ನೆಲ್ಲ ಉಸಿರು ಬಿಗಿಹಿಡಿದು ಓದುತ್ತಿದ್ದೇನೆ. ಒಂದು ಕುತೂಹಲ: ಅಲ್ಲಿ ಸಿಕ್ಕಿದ ವಸ್ತುವನ್ನು ನೆನಪಿಗೆಂದು ತರಬಹುದೇ?

ಉತ್ತರಮುಖಿ (ಎಡಿನ್‌ಬರೋ)

ಬ್ರಿಟನ್ನಿನಲ್ಲಿ ಮುಳುಗಿದ ಹಡಗಿನಿಂದ ಏನನ್ನೇ ಮೇಲೆ ತಂದರೂ, 1995ರ ವಾಣಿಜ್ಯ ನೌಕಾಯಾನ ಕಾಯ್ದೆಯ ಪ್ರಕಾರ 28 ದಿನಗಳೊಳಗೆ 'ರಿಸೀವರ್ ಆಫ್ ರೆಕ್' ಎಂಬ ಅಧಿಕಾರಿಗೆ ತಿಳಿಸಬೇಕು. ಹಡಗು ಮುಳುಗಿದರೂ ಮಾಲೀಕತ್ವ ಮುಳುಗುವುದಿಲ್ಲ. ಸ್ಕಾಪಾ ಫ್ಲೋದಲ್ಲಿಯೇ 1939ರಲ್ಲಿ ಮುಳುಗಿದ ಬ್ರಿಟಿಷ್ ಯುದ್ಧನೌಕೆ ರಾಯಲ್ ಓಕ್ ಎಂಟುನೂರಕ್ಕೂ ಹೆಚ್ಚು ಮಂದಿಯ ಸಮಾಧಿ. ಅದಕ್ಕೆ ಅನುಮತಿಯಿಲ್ಲದೆ ಇಳಿಯುವಂತೆಯೇ ಇಲ್ಲ.

ಶರಾವತಿ_ದಡ (ಅಬರ್ಡೀನ್)

ಹತ್ತು ತಿಂಗಳ ಬಳಿಕ ಬರೆಯುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ಓರ್ಕ್ನಿಗೆ ಹೋದೆ, ಆದರೆ ಕೊನೆಯ ದಿನ ದೋಣಿಯ ಮೇಲೆಯೇ ಕುಳಿತು ಚಹಾ ಕುಡಿದೆ. ಚಳಿಗಾಲದಲ್ಲಿ ಡ್ರೈಸೂಟ್ ಕೋರ್ಸ್ ಮಾಡಿ, 6 ಮೀಟರಿನಲ್ಲಿ ಎರಡು ಬಾರಿ ಕಾಲು ಮೇಲಾಗಿ ಬಲೂನಾದೆ.

ಕಳೆದ ತಿಂಗಳು ಸ್ಕಾಟ್ಲೆಂಡಿನ ಪಶ್ಚಿಮ ತೀರದ ಒಂದು ಸಮುದ್ರದ ಹಿನ್ನೀರಿನಲ್ಲಿ, 16 ಮೀಟರಿನಲ್ಲಿ, ಹೆಸರಿಲ್ಲದ ಒಂದು ಸಣ್ಣ ಮರದ ಮೀನುದೋಣಿಗೆ ಇಳಿದೆವು. ನೀರು 7 ಡಿಗ್ರಿ. ತುಟಿಗಳು ಮೊದಲ ನಿಮಿಷದಲ್ಲಿಯೇ ಮರಗಟ್ಟಿ, ಬಾಯಲ್ಲಿ ರೆಗ್ಯುಲೇಟರು ಇದೆಯೇ ಇಲ್ಲವೇ ಎಂದು ಹಲ್ಲಿನಿಂದ ಕಚ್ಚಿ ನೋಡಿಕೊಳ್ಳಬೇಕಾಯಿತು. ಹಲಗೆಗಳು ಬಹುಪಾಲು ಹೋಗಿವೆ. ಬೆನ್ನೆಲುಬಿನಂಥ ತಳದ ಮರ, ಅದರ ನಡುವೆ ಎಂಜಿನ್, ಮುಂದೆ ವಿಂಚು, ಇಷ್ಟು ಉಳಿದಿವೆ. ವಿಂಚಿನ ತಂತಿ ಸುರುಳಿಯೆಲ್ಲ ತುಕ್ಕಿನಿಂದ ಒಂದೇ ಉಂಡೆಯಾಗಿ, ಅದರ ಮೇಲೆ ಬಿಳಿಯ ಮೃದು ಹವಳ ಬೆರಳು ಬೆರಳಾಗಿ ಬೆಳೆದಿದೆ. ಒಂದು ರಬ್ಬರ್ ಬೂಟು ಹೂಳಿನಲ್ಲಿ ಅರ್ಧ ಹುದುಗಿತ್ತು, ಅದರೊಳಗಿಂದ ಪುಟ್ಟ ಏಡಿಯೊಂದು ಕೈ ಹೊರಚಾಚಿ ಟಾರ್ಚಿನ ಬೆಳಕಿಗೆ ಹಿಂದಕ್ಕೆ ಸರಿಯಿತು. ಎಂಜಿನ್ನಿನ ಹಿಂದೆ ತೇಲುತ್ತಿದ್ದ ನೂಲು ನನ್ನ ಫಿನ್ನಿನ ಪಟ್ಟಿಗೆ ಸಿಕ್ಕಿತು. ನನಗೆ ತಿಳಿಯಲಿಲ್ಲ. ಜೊತೆಯವರು ಕತ್ತರಿಯಿಂದ ಕತ್ತರಿಸಿ, ಆ ತುಂಡನ್ನು ನನ್ನ ಕಣ್ಣ ಮುಂದೆ ಹಿಡಿದು ತೋರಿಸಿದ ಮೇಲೆ ಕಂಡದ್ದು. 26 ನಿಮಿಷಕ್ಕೆ ಮೇಲೆ ಬಂದೆ. ದಡದಲ್ಲಿ ಕಾರಿನ ಕೀಲಿಯನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ತಿರುಗಿಸಬೇಕಾಯಿತು.

ಮಲ್ಪೆಯವರಲ್ಲಿ ಒಂದು ಪ್ರಶ್ನೆ. ವಿಂಚಿನ ಪಕ್ಕದಲ್ಲಿ ಕಬ್ಬಿಣದ ಅಡ್ಡಪಟ್ಟಿಗೆ ಹಲ್ಲುಗಳಿದ್ದ, ಹಿಂದೆ ಉಕ್ಕಿನ ಬಳೆಗಳನ್ನು ಹೆಣೆದು ಮಾಡಿದ ಚೀಲವಿದ್ದ ಒಂದು ವಸ್ತು ಬಿದ್ದಿತ್ತು. ಅದೇನು?

ಧಕ್ಕೆಯ_ಮಗ (ಮಲ್ಪೆ)

ನಮ್ಮಲ್ಲಿ ಅಂಥದ್ದನ್ನು ನಾನು ನೋಡಿಲ್ಲ. ಕುಂಟೆಯ ಹಾಗಿದೆ ಎನ್ನುತ್ತೀರಾ?

ಉತ್ತರಮುಖಿ (ಎಡಿನ್‌ಬರೋ)

ಕುಂಟೆಯೇ. ತಳದ ಮರಳನ್ನು ಗೀರಿ ಸ್ಕಾಲಪ್ ಎಂಬ ದೊಡ್ಡ ಚಿಪ್ಪುಜೀವಿಯನ್ನು ಎಬ್ಬಿಸಿ ಆ ಬಳೆಯ ಚೀಲಕ್ಕೆ ತುಂಬಿಕೊಳ್ಳುವ ಡ್ರೆಜ್. ಪಶ್ಚಿಮ ತೀರದ ಸಣ್ಣ ದೋಣಿಗಳಲ್ಲಿ ಬಹಳ ಬಳಕೆಯಲ್ಲಿದೆ.

ಧಕ್ಕೆಯ_ಮಗ (ಮಲ್ಪೆ)

ಅಂದರೆ ನಾವು ಮರುವಾಯಿ ಎನ್ನುವ, ನಿಮ್ಮ ಹೊನ್ನಾವರದವರು ಬಳಚು ಎನ್ನುವ ಚಿಪ್ಪಿನ ದೊಡ್ಡಣ್ಣ. ನಮ್ಮಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬರಿಗೈಯಲ್ಲಿ ಹೆಕ್ಕುವುದಕ್ಕೆ ಅಲ್ಲಿ ಎಂಜಿನ್ನು, ವಿಂಚು, ಕಬ್ಬಿಣದ ಹಲ್ಲು. ಚಿತ್ರ ತೆಗೆದಿದ್ದರೆ ಹಾಕಿ, ಅಣ್ಣನಿಗೆ ತೋರಿಸಬೇಕು.